ಕಾರ್ಗಿಲ್‌ನಲ್ಲಿ ಬುಲೆಟ್ ಕಂಡವರು

ಹಾಸನದ ಎನ್.ಆರ್. ಸರ್ಕಲ್ಲಿನ ಆ ಫ್ಲೆಕ್ಸ್ ನೀವೂ ನೋಡಿರುತ್ತೀರಿ. ನೋಡದೆ ದಾಟುವ ಹಾಗೇ ಇಲ್ಲ, ಸಿಗ್ನಲ್ ದೀಪ ಮುಚ್ಚಿಕೊಂಡು ನಿಂತಿದೆ. ಕಾರ್ಗಿಲ್ ವಿಜಯ ದಿವಸದ ಶುಭಾಶಯ ಕೋರುವವರು ನಮ್ಮ ನಾಯಕರು. ಹಿಂದೆ ಹಿಮದ ಬೆಟ್ಟ, ಪಕ್ಕದಲ್ಲಿ ಒಂದು ಫಿರಂಗಿ, ಮೇಲೆ ಮೂರು ವಿಮಾನ. ನಡುವೆ ಸೈನಿಕರ ಸಮವಸ್ತ್ರದಲ್ಲಿ ಸಾಕ್ಷಾತ್ ನಾಯಕರು. ಮುಖ ಅವರದ್ದೇ, ಹಣೆಯ ಕುಂಕುಮವೂ ಅವರದ್ದೇ. ಕತ್ತಿನಿಂದ ಕೆಳಗೆ ಮಾತ್ರ ಬೇರೆ ಯಾರೋ. ಬೆರಳು ದಪ್ಪದ ಚಿನ್ನದ ಸರ ಕಾಲರ್‌ವರೆಗೆ ಬಂದು, ಅಲ್ಲಿ ಕತ್ತರಿ ಹಾಕಿದ ಹಾಗೆ ನಿಂತುಬಿಟ್ಟಿದೆ.

ಫ್ಲೆಕ್ಸಿಗೇ ಮುಗಿದಿದ್ದರೆ ನಾನೂ ಸುಮ್ನಿರುತ್ತಿದ್ದೆ. ಸಂಜೆ ಸಭೆಯಲ್ಲಿ ಮೈಕು ಸಿಕ್ಕಿತು. 'ಕಾರ್ಗಿಲ್‌ನಲ್ಲಿ ಬುಲೆಟ್ ಕಂಡವನು ನಾನು' ಅಂದರು. ಚಪ್ಪಾಳೆಯೋ ಚಪ್ಪಾಳೆ.

ಆಮೇಲಿನ ಕತೆ ಊರಿಗೇ ಗೊತ್ತಲ್ಲ. 1999ರಲ್ಲಿ ಅಲ್ಲಿ ಯುದ್ಧ ನಡೆಯುತ್ತಿದ್ದಾಗ ಇಲ್ಲಿ ನಾಯಕರು ಪಿಯುಸಿ ಇಂಗ್ಲಿಷ್ ಪೇಪರ್ ಎರಡನೇ ಸಲ ಕಟ್ಟಿ ಕೂತಿದ್ದರು. ಹಾಗಂತ ಹೇಳಿದ್ದು ಸುಳ್ಳು ಅನ್ನಲೂ ಆಗಲ್ಲ. ಎಷ್ಟೋ ವರ್ಷದ ಮೇಲೆ ಗೆಳೆಯರ ಜೊತೆ ಲಡಾಖ್ ಟೂರ್ ಹೊಡೆದಿದ್ದರು. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲೇ ಕಾರ್ಗಿಲ್ ಸಿಗುತ್ತದೆ, ಅಲ್ಲೊಂದು ರಾತ್ರಿ ಹಾಲ್ಟ್. ಹೋಗಿದ್ದು ಬುಲೆಟ್‌ನಲ್ಲೇ. ಐದು ಬುಲೆಟ್, ಒಂದು ಪಂಕ್ಚರ್. ಕಂಡಿಲ್ಲ ಅಂತ ಹೇಗೆ ಹೇಳೋದು?

ಮಿಲಿಟರಿಗೂ ಅವರಿಗೂ ನಂಟೇ ಇಲ್ಲ ಅನ್ನುವವರು ಹೊಟ್ಟೆಕಿಚ್ಚಿನವರು. ಭಾನುವಾರ ಮಿಲಿಟರಿ ಹೋಟೆಲಿಗೆ ಹೋಗಿ ನೋಡಿ. ಮುದ್ದೆ, ಬೋಟಿ ಗೊಜ್ಜು, ನಲ್ಲಿ ಮೂಳೆಯ ಎದುರು ಅವರ ಏಕಾಂಗಿ ಹೋರಾಟ. ಶತ್ರುವನ್ನು ಪೂರ್ತಿ ಮುಗಿಸಿಯೇ ಮೇಲೇಳುವುದು.

ಇಂಥ ಪ್ರತಿಭೆ ನಮ್ಮಲ್ಲಿ ಮಾತ್ರ ಅಂತ ಬೀಗಬೇಡಿ. ಅಮೆರಿಕದವರು ಇದರಲ್ಲೂ ಮುಂದಿದ್ದಾರೆ. ಕನೆಕ್ಟಿಕಟ್ ರಾಜ್ಯದ ರಾಜಕಾರಣಿ ರಿಚರ್ಡ್ ಬ್ಲೂಮೆಂಥಾಲ್ ತಾನು ವಿಯೆಟ್ನಾಂನಲ್ಲಿ ಸೇವೆ ಮಾಡಿದ ದಿನಗಳನ್ನು ಭಾಷಣದಲ್ಲಿ ನೆನೆಸಿಕೊಂಡಿದ್ದರು. ಮೆರೀನ್ ಮೀಸಲು ಪಡೆಯಲ್ಲಿ ಇದ್ದದ್ದು ನಿಜ. ವಿಯೆಟ್ನಾಂಗೆ ಹೋಗಿದ್ದು ನಿಜವಲ್ಲ. ಅದಕ್ಕೂ ಮೊದಲು ಐದು ಸಲ ಸೇನೆಯ ಕರೆಯಿಂದ ವಿನಾಯಿತಿ ಪಡೆದಿದ್ದರು. 2010ರಲ್ಲಿ ಪತ್ರಿಕೆಯಲ್ಲಿ ಬಯಲಾದಾಗ, ಕೆಲವು ಮಾತು ಆಚೀಚೆ ಆಯಿತು ಅಂದರು. ಅದೇ ವರ್ಷ ಸೆನೆಟ್ ಚುನಾವಣೆ ಗೆದ್ದರು. ಇನ್ನೊಬ್ಬ ರಾಜಕಾರಣಿ ಟಿಮ್ ವಾಲ್ಜ್ ಕತೆ ಇನ್ನೂ ಬೇಜಾರು. ಆ ಮನುಷ್ಯ 24 ವರ್ಷ ನ್ಯಾಷನಲ್ ಗಾರ್ಡ್ ಅನ್ನುವ ಅಲ್ಲಿನ ಮೀಸಲು ಸೇನೆಯಲ್ಲಿ ನಿಜವಾಗಿ ದುಡಿದವರು. ಒಂದು ಸಭೆಯಲ್ಲಿ 'ಯುದ್ಧದಲ್ಲಿ ನಾನು ಹೊತ್ತ ಆಯುಧ' ಅಂದುಬಿಟ್ಟರು. ಯುದ್ಧಕ್ಕೆ ಹೋಗಿರಲೇ ಇಲ್ಲ. 2024ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಾಗ ಆ ಹಳೇ ವಿಡಿಯೊ ಎದ್ದು ಬಂತು. ಹದವಾಗಿ ಕುದಿದ ಹುರುಳಿಕಟ್ಟಿನ ಸಾರಿಗೆ ಟೇಸ್ಟಿಂಗ್ ಪೌಡರ್ ಹಾಕುವುದು ಅಂದರೆ ಇದೇ.

ನನ್ನ ಮೆಚ್ಚಿನವರು ಝೇವಿಯರ್ ಅಲ್ವಾರೆಜ್. ಕ್ಯಾಲಿಫೋರ್ನಿಯಾದ ಒಂದು ನೀರು ಸರಬರಾಜು ಮಂಡಳಿಯ ಸದಸ್ಯರು. 2007ರ ಸಭೆಯಲ್ಲಿ ತಮ್ಮ ಪರಿಚಯ ಹೇಳಿಕೊಂಡರು. 25 ವರ್ಷ ಮೆರೀನ್ ಆಗಿದ್ದೆ, ಅಲ್ಲಿನ ಅತಿ ದೊಡ್ಡ ಶೌರ್ಯ ಪದಕ ಮೆಡಲ್ ಆಫ್ ಆನರ್ ಬಂದಿದೆ ಅಂತ. ಒಂದು ದಿನವೂ ಸೇನೆಯಲ್ಲಿ ಇರಲಿಲ್ಲ! ದೊಡ್ಡ ಹಾಕಿ ತಂಡಕ್ಕೆ ಆಡಿದ್ದೆ, ಮೆಕ್ಸಿಕೋದ ಸಿನಿಮಾ ನಟಿಯನ್ನು ಮದುವೆಯಾಗಿದ್ದೆ ಅಂತಲೂ ಬಿಟ್ಟಿದ್ದರು. ನೀರಿನ ಮಂಡಳಿ ನೋಡಿ, ಬಿಡುವುದಕ್ಕೆ ಏನಾದರೂ ಬೇಕಲ್ಲ. ಸುಳ್ಳು ಪದಕ ಹೇಳಿಕೊಳ್ಳುವುದು ಅಪರಾಧ ಅಂತ ಅಲ್ಲಿ 2005ರ ಕಾಯ್ದೆ ಇತ್ತು. ಕೇಸು ಸುಪ್ರೀಂ ಕೋರ್ಟ್ ಮುಟ್ಟಿತು. ಸುಳ್ಳು ಹೇಳುವುದು ಇವರ ಅಭ್ಯಾಸ ಅಂತಲೇ ತೀರ್ಪು ಶುರುವಾಗುತ್ತದೆ. ಅಭ್ಯಾಸ ಒಪ್ಪಿಕೊಂಡ ಕೋರ್ಟು 2012ರಲ್ಲಿ ಕಾಯ್ದೆಯನ್ನೇ ಹೊಡೆದುಹಾಕಿತು. ಬಡಾಯಿಯೂ ವಾಕ್ ಸ್ವಾತಂತ್ರ್ಯವೇ. 2013ರಲ್ಲಿ ಹೊಸ ಕಾಯ್ದೆ ಬಂತು. ಸುಳ್ಳು ಹೇಳಿ ದುಡ್ಡೋ ಲಾಭವೋ ಹೊಡೆಯಲು ಹೊರಟರೆ ಮಾತ್ರ ಅಪರಾಧ. ವೋಟು ಯಾವ ಲೆಕ್ಕ ಅಂತ ನೀವೇ ಹೇಳಿ.

ನಮ್ಮಲ್ಲೂ ಕಾನೂನಿದೆ. ಸೈನಿಕನಲ್ಲದವನು ಸೈನಿಕ ಅನ್ನಿಸಿಕೊಳ್ಳಲು ಸಮವಸ್ತ್ರ ಹಾಕಿದರೆ ಮೂರು ತಿಂಗಳವರೆಗೆ ಜೈಲು. ಆದರೆ ನಾಯಕರು ಹಾಕಿಲ್ಲ, ಫೋಟೋಶಾಪ್ ಹುಡುಗ ಹಾಕಿಸಿದ್ದು. ಪ್ರಚಾರಕ್ಕೆ ಸೈನಿಕರ ಫೋಟೊ ಬೇಡ ಅಂತ ಚುನಾವಣಾ ಆಯೋಗ 2013ರಲ್ಲಿ ಹೇಳಿತ್ತು. 2019ರಲ್ಲಿ ಮತ್ತೆ ಹೇಳಿತು. ಹೇಳುತ್ತಾ ಇರುತ್ತದೆ ಪಾಪ.

ಶೌರ್ಯಕ್ಕೆ ದಾಖಲೆ ಇಡುವುದನ್ನು ಹಾಸನದವರಿಗೆ ಯಾರೂ ಕಲಿಸಬೇಕಾಗಿಲ್ಲ. ಬೇಲೂರು ತಾಲೂಕಿನ ಹಲ್ಮಿಡಿ ಶಾಸನ ನೆನಪಿದೆ ಅಲ್ವಾ? ಸುಮಾರು ಕ್ರಿ.ಶ. 450ರದ್ದು. ಕನ್ನಡದ ಮೊದಲ ಶಾಸನ ಅಂತ ಸ್ಕೂಲಲ್ಲಿ ಉರು ಹೊಡೆದೆವು, ಒಳಗೆ ಏನಿದೆ ಅಂತ ಮೇಷ್ಟ್ರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅದು ಒಬ್ಬ ಯೋಧನ ಸರ್ವಿಸ್ ರೆಕಾರ್ಡು! ವಿಜಅರಸ ಎನ್ನುವವನು ಕೇಕಯ-ಪಲ್ಲವರ ಮೇಲೆ ಕಾದಿ ಗೆದ್ದ, ಅದಕ್ಕೆ ಎರಡು ಹಳ್ಳಿ ಕೊಟ್ಟರು. ಆ ಕೊಡುಗೆಯ ಹೆಸರು ಬಾಳ್ಗಳ್ಚು, ಅಂದರೆ ಕತ್ತಿ ತೊಳೆಯುವುದು. ಕತ್ತಿಗೆ ರಕ್ತ ಹತ್ತಿತ್ತು ಅನ್ನುವುದಕ್ಕೆ ಆ ಹೆಸರೇ ರಸೀತಿ. ಸುಮ್ನೆ ಕೊಡಲಿಲ್ಲ, ಎರಡು ನಾಡಿನ 'ವೀರಪುರುಷ ಸಮಕ್ಷದೆ' ಕೊಟ್ಟರು. ಜೊತೆಯಲ್ಲಿ ಕಾದಿದವರು ಎದುರಿಗೆ ಇರುವಾಗ ಬಡಾಯಿ ಎಷ್ಟು ಅಂತ ಕೊಚ್ಚಿಕೊಳ್ಳೋದು? ನಮ್ಮ ನಾಯಕರ ಸಭೆಯಲ್ಲಿ ಸಮಕ್ಷದಲ್ಲಿ ಇದ್ದದ್ದು ಬಿರಿಯಾನಿ ಪೊಟ್ಟಣಕ್ಕೆ ಕಾದವರು.

ಹುಲಿ ಕೊಂದ ಸಳನ ಬಗ್ಗೆ ಮಾತ್ರ ಕೇಳಬೇಡಿ. ಚೋಳರ ಲಾಂಛನ ಹುಲಿ, ಅವರನ್ನು ಸೋಲಿಸಿದ ಮೇಲೆ ಆ ಕತೆ ಹುಟ್ಟಿತು ಅನ್ನುವ ವಿದ್ವಾಂಸರೂ ಇದ್ದಾರೆ. ಇರಲಿ ಬಿಡಿ, ಸಳ ನಮ್ಮವನು.

ನಿಜವಾಗಿ ಹೋಗಿ ಬಂದವರಿಗೆ ವೋಟು ಬೀಳುತ್ತದಾ ಅಂದರೆ, ಅದೂ ಇಲ್ಲ. ಕಾರ್ಯಪ್ಪನವರಿಗಿಂತ ದೊಡ್ಡ ರೆಕಾರ್ಡ್ ಯಾರದ್ದು? ಭಾರತದ ಸೇನೆಗೆ ಮೊದಲ ಭಾರತೀಯ ಮುಖ್ಯಸ್ಥರು. 1971ರಲ್ಲಿ ಮುಂಬೈಯಲ್ಲಿ ಲೋಕಸಭೆಗೆ ನಿಂತು ಸೋತರು. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 1971ರ ಯುದ್ಧ ಕಂಡವರು, ಆಮೇಲೆ ಜನಸಾಮಾನ್ಯರನ್ನು ವಿಮಾನ ಹತ್ತಿಸಿದವರು. 2009ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ನಿಂತು ಅವರೂ ಸೋತರು. ಫ್ಲೆಕ್ಸ್ ಕಡಿಮೆ ಬಿದ್ದಿರಬೇಕು.

ನಮ್ಮ ಬೀದಿಯಲ್ಲಿ ಒಬ್ಬರಿದ್ದಾರೆ. ಎಲ್ಲರಿಗೂ ಅವರು ಮಿಲಿಟ್ರಿ ಮಾವ. 22 ವರ್ಷ ಸರ್ವಿಸ್ ಮಾಡಿ ಹವಾಲ್ದಾರರಾಗಿ ಬಂದವರು. ಎಲ್ಲೆಲ್ಲಿ ಇದ್ರಿ ಮಾವ ಅಂದರೆ 'ಚಳಿ ಜಾಸ್ತಿ ಕಣಪ್ಪ ಅಲ್ಲಿ' ಅಂತಾರೆ. ಅಷ್ಟೇ. ಮಾಜಿ ಸೈನಿಕರ ಲೆಕ್ಕದಲ್ಲಿ ಜಮೀನಿಗೆ ಅರ್ಜಿ ಹಾಕಿ 11 ವರ್ಷವಾಯಿತು. ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಗಸ್ತು ತಿರುಗುತ್ತಿದೆ. ಪೆನ್ಷನ್ ಬರಬೇಕಾದರೆ ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ಸರ್ಟಿಫಿಕೇಟ್ ಕೊಡಬೇಕು. ಕಳೆದ ಸಲ ನಾನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿದ್ದೆ. ಶುಂಠಿ ಹೊಲದಲ್ಲಿ ಗೇಯ್ದು ಬೆರಳ ಗೆರೆ ಸವೆದಿವೆ. ಮಷೀನು ಬಲಗೈ ಹೆಬ್ಬೆಟ್ಟು ಒಪ್ಪಲಿಲ್ಲ, ಎಡಗೈದೂ ಒಪ್ಪಲಿಲ್ಲ. ಪಂಚೆಗೆ ಒರೆಸಿ, ಊದಿ, ಏಳು ಸಲ ಒತ್ತಿದರು. 'ನಾಳೆ ಬನ್ನಿ ಅಜ್ಜ' ಅಂದಳು ಆ ಹುಡುಗಿ.

ನನಗೆ ಇಲ್ಲಿ ನಗು ಬರಲ್ಲ. ಹೋಗಿ ಬಂದವನು ಬದುಕಿದ್ದೇನೆ ಅಂತ ವರ್ಷ ವರ್ಷ ಸಾಬೀತು ಮಾಡಬೇಕು. ಹೋಗದವನು ಸಾಯಲು ಹೊರಟಿದ್ದೆ ಅಂದರೆ ಸಾಕು, ಮೈಕು, ಶಾಲು, ಹಾರ. ದಾಖಲೆ ತೋರಿಸು ಅಂತ ಒಬ್ಬರೂ ಕೇಳುವುದಿಲ್ಲ. ಕೇಳಿ ಕೇಳಿ ಸುಸ್ತಾಗಿದೆ ಮಾರಾಯ್ರೇ.

ಮೊನ್ನೆ ಮಾವನೂ ನಾನೂ ಆ ಸರ್ಕಲ್ಲಿನಲ್ಲಿ ಟೀ ಕುಡಿಯುತ್ತಿದ್ದೆವು. ಮಾವ ಕನ್ನಡಕ ಹಾಕಿಕೊಂಡು ಫ್ಲೆಕ್ಸ್ ನೋಡಿದರು. ಬಹಳ ಹೊತ್ತು ನೋಡಿದರು.

'ರಿಬ್ಬನ್ನು ಬಲಗಡೆ ಬಂದಿದೆ. ಎಡಗಡೆ ಇರಬೇಕು' ಅಂದರು.

ನಾಯಕರ ಮುಖ ಹೈಕಮಾಂಡ್ ಫೋಟೊ ಕಡೆಗೆ ತಿರುಗಲಿ ಅಂತ ಹುಡುಗ ಚಿತ್ರವನ್ನೇ ಮಗುಚಿ ಹಾಕಿದ್ದಾನೆ. ಎದೆಯ ಮೇಲಿನ ಹೆಸರೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದೆ. ಮಾವ ಲೋಟ ಕೆಳಗಿಟ್ಟು, ಗಾಳಿಯಲ್ಲಿ ಬೆರಳಾಡಿಸುತ್ತಾ ಒಂದೊಂದೇ ಅಕ್ಷರ ಹಿಂದಿನಿಂದ ಕೂಡಿಸಿದರು.

'ಯಾದವ್' ಅಂದರು. 'ಯಾವ ಊರಿನ ಹುಡುಗನೋ. ಅವನ ತಲೆ ಏನು ಮಾಡಿದರು?'