ಕುದುರೆಯ ಮುಖ ನೋಡಿ ಅಂಕ ಹಾಕಿ

ಪುಣೆಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಮೈಸೂರಿನಲ್ಲೇ ಇದ್ದಿದ್ದರೆ ಖಂಡಿತ ಕಲಿಯುತ್ತಿರಲಿಲ್ಲ ಅನ್ನುವ ಒಂದು ಕೆಲಸವನ್ನು ಇಲ್ಲಿ ಕಲಿತಿದ್ದೇನೆ. ವರ್ಷಕ್ಕೆ ಎರಡೋ ಮೂರೋ ಭಾನುವಾರ, ಊರ ಹೊರಗಿನ ಒಂದು ಕುದುರೆ ಸವಾರಿ ಶಾಲೆಗೆ ಹೋಗುತ್ತೇನೆ. ಅಲ್ಲಿ ತೀರ್ಪುಗಾರರ ಪಕ್ಕ ಕೂತು ಅವರು ಹೇಳಿದ ಅಂಕ ಬರೆದುಕೊಳ್ಳುತ್ತೇನೆ. ಇದಕ್ಕೆ ಸ್ಕ್ರೈಬ್ ಅನ್ನುತ್ತಾರೆ. ನಮ್ಮಲ್ಲಿ ಗುಮಾಸ್ತ ಅಂದರೆ ಸಾಕು. ಮಗಳು ಅಲ್ಲಿ ಸವಾರಿ ಕಲಿಯುತ್ತಿದ್ದಳು. ನನ್ನ ಅಕ್ಷರ ದುಂಡಗಿದೆ ಅಂತ ಯಾರೋ ಕಂಡುಹಿಡಿದರು. ಸಿಕ್ಕಿಹಾಕಿಕೊಂಡೆ. ಮಗಳು ಸವಾರಿ ಬಿಟ್ಟು ಕಾಲೇಜು ಸೇರಿದ್ದಾಳೆ. ನಾನು ಬಿಟ್ಟಿಲ್ಲ.

ಆಟದ ಹೆಸರು ಡ್ರೆಸಾಜ್. ಇಲ್ಲಿ ಕುದುರೆ ಬೇಲಿ ಹಾರುವುದಿಲ್ಲ, ಯಾರ ಜೊತೆಗೂ ಓಡುವುದಿಲ್ಲ. 60 ಮೀಟರ್ ಉದ್ದ, 20 ಮೀಟರ್ ಅಗಲದ ಮರಳಿನ ಅಂಗಳ. ಸುತ್ತ ಇಂಗ್ಲಿಷ್ ಅಕ್ಷರಗಳ ಫಲಕಗಳು. ಎ ಅಕ್ಷರದ ಬಳಿ ಒಳಗೆ ಬರಬೇಕು, ನಟ್ಟನಡುವಿನ ಎಕ್ಸ್‌ನಲ್ಲಿ ನಿಂತು ತೀರ್ಪುಗಾರರಿಗೆ ನಮಸ್ಕಾರ ಹೇಳಬೇಕು. ಆ ಎಕ್ಸ್‌ಗೆ ಫಲಕವೇ ಇಲ್ಲ, ಅಂದಾಜಿನಲ್ಲೇ ನಿಲ್ಲಬೇಕು. ಆಮೇಲೆ ಗೊತ್ತುಪಡಿಸಿದ ಪ್ರಕಾರ ನಡಿಗೆ, ಹೆಜ್ಜೆಯೋಟ (ಟ್ರಾಟ್), ನೆಗೆತ (ಹಾರುವುದಲ್ಲ, ಕ್ಯಾಂಟರ್ ಎಂಬ ಓಟ), ವೃತ್ತ, ಓರೆ ನಡೆ. ಒಂದೊಂದಕ್ಕೂ 0ರಿಂದ 10ರ ತನಕ ಅಂಕ. ಅರ್ಧ ಅಂಕವೂ ಉಂಟು. ಐದಾರು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ.

ಕಾರ್ಕಳ ಕಡೆಯ ಗೆಳೆಯರೊಬ್ಬರು ಇಲ್ಲಿ ಹೋಟೆಲ್ ನಡೆಸುತ್ತಾರೆ. ಕಂಬಳದ ಹುಚ್ಚು ಇರುವವರು. ಒಮ್ಮೆ ಅವರನ್ನು ಕರೆದುಕೊಂಡು ಹೋಗಿದ್ದೆ. ಅರ್ಧ ಗಂಟೆ ಸುಮ್ನೆ ನೋಡಿ, "ಇದರಲ್ಲಿ ಟೈಮ್ ಎಲ್ಲಿ ನೋಡ್ತಾರೆ?" ಅಂದರು. ನೋಡುವುದಿಲ್ಲ ಅಂದೆ. "ಮತ್ತೆ ಗೆದ್ದದ್ದು ಯಾರು ಅಂತ ಹೇಗೆ ಗೊತ್ತಾಗುತ್ತದೆ ಮಾರಾಯ್ರೆ?"

ಅವರ ಪ್ರಶ್ನೆ ನ್ಯಾಯದ್ದೇ. ಕಂಬಳದಲ್ಲಿ ಈಗ ಲೇಸರ್ ಕಿರಣ ಬಂದಿದೆ, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ತೀರ್ಮಾನ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶಕ್ಕೆಲ್ಲ ಗೊತ್ತು. ಕೋಣಗಳು ಎಳೆಯುವ ಹಲಗೆಯ ಮೇಲೆ ನಿಂತು ಓಡಿಸುವ ಕನೆ ಹಲಗೆ ವಿಭಾಗದಲ್ಲಿ ವೇಗ ಲೆಕ್ಕಕ್ಕಿಲ್ಲ ನಿಜ, ಆದರೆ ಅಲ್ಲೂ ಮೇಲೆ ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಬಟ್ಟೆ ಕಟ್ಟಿರುತ್ತಾರೆ. ಹಲಗೆಯಿಂದ ಚಿಮ್ಮಿದ ನೀರು ಅದಕ್ಕೆ ತಾಗಿತೋ ಇಲ್ಲವೋ, ಅಷ್ಟೇ. ಬಟ್ಟೆ ಒದ್ದೆಯಾದರೆ ಜಗಳವಿಲ್ಲ. ಪುಣೆ ಜಿಲ್ಲೆಯ ಹಳ್ಳಿಗಳ ಬೈಲ್‌ಗಾಡಾ ಅನ್ನುವ ಎತ್ತಿನ ಗಾಡಿ ಓಟದಲ್ಲೂ ಗಡಿಯಾರವೇ ದೇವರು. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿನ ಜೊತೆ ಈ ಎರಡಕ್ಕೂ ಒಂದೇ ತೀರ್ಪಿನಲ್ಲಿ ಒಪ್ಪಿಗೆ ಕೊಟ್ಟಾಗ, ಗೆಳೆಯರ ಹೋಟೆಲಿನಲ್ಲಿ ಮರಾಠಿ ಗಿರಾಕಿಗಳೂ ಇವರೂ ಸೇರಿ ಪೇಡೆ ಹಂಚಿದ್ದರು.

ನಾವು ಎರಡೂ ಊರಿನವರು ಪ್ರಾಣಿಯ ಆಟವನ್ನು ಅಳೆಯುವುದು ಹೀಗೆ. ಎಷ್ಟು ಜೋರು, ಎಷ್ಟು ಧೈರ್ಯ, ಎಷ್ಟು ಹಿಡಿತ. ಮೈಸೂರಿನ ಪಂಜಿನ ಕವಾಯತಿನಲ್ಲಿ ಅಶ್ವದಳದವರು ಓಡುವ ಕುದುರೆಯ ಮೇಲಿಂದ ಬಾಗಿ, ಈಟಿಯಲ್ಲಿ ನೆಲದ ಗೂಟ ಕಿತ್ತಾಗ ಚಪ್ಪಾಳೆ ಹೊಡೆದು ಕೈ ಕೆಂಪಾದವರಲ್ಲಿ ನಾನೂ ಒಬ್ಬ. ಡ್ರೆಸಾಜ್‌ನಲ್ಲಿ ಲೆಕ್ಕ ತಿರುಗುಮುರುಗು. ಸವಾರ ಏನೂ ಮಾಡುತ್ತಿಲ್ಲ ಅನ್ನಿಸಬೇಕು. ಅವನ ಶ್ರಮ ಕಣ್ಣಿಗೆ ಬಿತ್ತೋ, ಅಂಕ ಹೋಯಿತು.

ಅಂಕಗಳಿಗೆ ಒಂದೊಂದು ಮಾತೂ ಇದೆ. 10 ಅಂದರೆ ಅತ್ಯುತ್ತಮ, 8 ಚೆನ್ನಾಗಿದೆ, 6 ತೃಪ್ತಿಕರ, 4 ಸಾಲದು, 0 ಅಂದರೆ ಮಾಡಲೇ ಇಲ್ಲ. ಮೊದಲ ದಿನ ನನಗೆ ಬೆವರು ಬಂತು. ಏಕೆಂದರೆ ಮೈಸೂರಿನವರ ಹತ್ತಿರ ಇಷ್ಟು ಮೆಟ್ಟಿಲುಗಳಿಲ್ಲ. ನಮ್ಮಲ್ಲಿ "ಪರವಾಗಿಲ್ಲ" ಅನ್ನುವ ಒಂದೇ ಪದ 4ರಿಂದ 7ರ ತನಕ ಹರಡಿಕೊಂಡಿದೆ. ಅದನ್ನು ಹೇಳುವಾಗ ತಲೆ ಯಾವ ಕಡೆ ಆಡಿಸಿದಿರಿ ಎಂಬುದರ ಮೇಲೆ ಅರ್ಥ. ಇಲ್ಲಿನ ತೀರ್ಪುಗಾರ್ತಿ ಹಾಗಲ್ಲ. "ನಾಲ್ಕು. ಕುದುರೆ ಓರೆ." "ಐದು. ತಡವಾಯಿತು." "ಮೂರು. ಕೈ ಗಟ್ಟಿ." ಬರೆಯುತ್ತ ಬರೆಯುತ್ತ ಅನ್ನಿಸಿತು, ಇದು ಅಪ್ಪಟ ಪುಣೇರಿ ಪಾಟಿ. ಸದಾಶಿವ ಪೇಟೆಯ ಬಾಗಿಲುಗಳ ಮೇಲಿನ ಆ ಕುಖ್ಯಾತ ಬೋರ್ಡುಗಳ ಹಾಗೆ, ನಾಲ್ಕು ಪದದಲ್ಲಿ ಮನುಷ್ಯನ ಮಾನ ಹರಾಜು. ಮೊದಮೊದಲು ಕ್ರೂರ ಅನ್ನಿಸುತ್ತಿತ್ತು. ಈಗ ಇದೇ ಒಳ್ಳೆಯದು ಅನ್ನುತ್ತೇನೆ. ಓರೆ ಅಂದರೆ ನೆಟ್ಟಗೆ ಮಾಡಿಕೊಳ್ಳಬಹುದು. ಪರವಾಗಿಲ್ಲ ಅಂದರೆ ಮಗು ಮನೆಗೆ ಹೋಗಿ ಏನು ಸರಿ ಮಾಡಿಕೊಳ್ಳಬೇಕು?

ಅಪ್ಪ ಅಮ್ಮಂದಿರಿಗೆ ಇದು ಅರ್ಥವಾಗುವುದು ಕಷ್ಟ. 2023ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಡ್ರೆಸಾಜ್ ತಂಡಕ್ಕೆ ಚಿನ್ನ ಬಂತು. ಕುದುರೆ ಸವಾರಿಯಲ್ಲಿ 1982ರ ನಂತರದ ಮೊದಲ ಚಿನ್ನ ಅದು. ಆಮೇಲೆ ಇಲ್ಲಿ ಮಕ್ಕಳನ್ನು ಸೇರಿಸಲು ಬರುವವರು ಜಾಸ್ತಿಯಾದರು. ಒಬ್ಬ ಕನ್ನಡದ ತಂದೆ ಮಗನ ಹಾಳೆ ಹಿಡಿದು ಬಂದು, "ಬರೀ 63 ಪರ್ಸೆಂಟಾ ಸಾರ್?" ಅಂತ ಕೇಳಿದರು. 625ಕ್ಕೆ 625 ತೆಗೆಯುವ ಎಸ್ಸೆಸ್ಸೆಲ್ಸಿ ನಾಡಿನವರು, ಪಾಪ. ಅದೇ ಹಾಂಗ್‌ಝೌನಲ್ಲಿ ಅನುಷ್ ಅಗರ್ವಾಲಾಗೆ ವೈಯಕ್ತಿಕ ಕಂಚು ಬಂದದ್ದು ಶೇ. 73.030ಕ್ಕೆ ಅಂದೆ. ಅವರ ಮುಖ ಸ್ವಲ್ಪ ಅರಳಿತು.

ಇನ್ನು ಮುಖ್ಯ ವಿಷಯ. ಸವಾರನ ಜಾಣತನವನ್ನು ಎಲ್ಲಿ ನೋಡಬೇಕು? ನಾನು ಮೊದಲು ಸವಾರನನ್ನೇ ನೋಡುತ್ತಿದ್ದೆ. ಬೆನ್ನು ನೆಟ್ಟಗಿದೆಯಾ, ಹಿಮ್ಮಡಿ ಕೆಳಗಿದೆಯಾ, ಟೋಪಿ ಸರಿ ಇದೆಯಾ. ತೀರ್ಪುಗಾರ್ತಿ ಊಟದ ಹೊತ್ತಿನಲ್ಲಿ ಒಂದೇ ಮಾತು ಹೇಳಿದರು: ಸವಾರನನ್ನು ಕುದುರೆಯಲ್ಲಿ ನೋಡು. ಅಂದಿನಿಂದ ನನ್ನ ಕಣ್ಣು ಕೆಳಗಿಳಿಯಿತು. ಬಾಯಿ ಮುಚ್ಚಿ ಮೆಲ್ಲಗೆ ಕಡಿವಾಣ ಮೆಲ್ಲುತ್ತಿದ್ದರೆ ಒಳ್ಳೆಯದು. ಬಾಯಿ ತೆರೆದು ನಾಲಿಗೆ ಹೊರಬಂದರೆ, ಹಲ್ಲು ಕಡಿದರೆ, ಮೇಲೆ ಎಲ್ಲೋ ಕೈ ಎಳೆಯುತ್ತಿದೆ ಅಂತ ಲೆಕ್ಕ. ಬಾಲ ಹಗ್ಗದ ಹಾಗೆ ಸಡಿಲವಾಗಿ ತೂಗಬೇಕು, ನೊಣ ಇಲ್ಲದಿದ್ದರೂ ಚಟ್ ಚಟ್ ಹೊಡೆಯುತ್ತಿದ್ದರೆ ಕುದುರೆಗೆ ಸಿಟ್ಟು ಬಂದಿದೆ. ಕತ್ತಿನ ತುದಿ, ಕಿವಿಗಳ ಹಿಂಭಾಗ, ಎಲ್ಲಕ್ಕಿಂತ ಎತ್ತರದಲ್ಲಿರಬೇಕು. ಗಲ್ಲ ಎದೆಗೆ ಅಂಟಿದರೆ ದೂರದಿಂದ ನೋಡುವವರಿಗೆ ಚಿತ್ರದ ಹಾಗೆ ಚಂದ, ಕುದುರೆಗೆ ಅಲ್ಲ.

ಒಂದು ಪರೀಕ್ಷೆ ನನಗೆ ಬಲು ಇಷ್ಟ. ನೆಗೆತದಲ್ಲಿ ಹೋಗುವಾಗಲೇ ಸವಾರ ಕೆಲವು ಹೆಜ್ಜೆಗಳ ಕಾಲ ಎರಡೂ ಕೈ ಮುಂದೆ ಚಾಚಿ ಲಗಾಮು ಬಿಟ್ಟುಕೊಡಬೇಕು, ಮತ್ತೆ ಹಿಡಿಯಬೇಕು. ಅಷ್ಟೇ. ಲಗಾಮಿನ ಮೇಲೆ ಒರಗಿಕೊಂಡೇ ಬಂದ ಕುದುರೆ ಆ ಕ್ಷಣಕ್ಕೆ ಮುಗ್ಗರಿಸಿದ ಹಾಗೆ ಮುಂದಕ್ಕೆ ಬೀಳುತ್ತದೆ, ಇಲ್ಲವೇ ಓಡುತ್ತದೆ. ತನ್ನ ಕಾಲಿನ ಮೇಲೆ ತಾನು ನಿಂತ ಕುದುರೆ ಏನೂ ಆಗಿಲ್ಲವೆಂಬಂತೆ ಅದೇ ತಾಳದಲ್ಲಿ ಹೋಗುತ್ತದೆ. ಕಳೆದ ಚಳಿಗಾಲ ಹದಿನಾಲ್ಕರ ಹುಡುಗಿಯೊಬ್ಬಳು ಒಂದು ಮುದಿ ಕೆಂಪು ಹೆಣ್ಣುಕುದುರೆ ತಂದಿದ್ದಳು. ಅದು ರೇಸಿನಿಂದ ನಿವೃತ್ತಿಯಾದದ್ದು. ಮಳೆಗಾಲದಲ್ಲಿ ಪುಣೆ, ಚಳಿಗಾಲದಲ್ಲಿ ಮುಂಬೈ ಮಹಾಲಕ್ಷ್ಮಿ ಅಂತ ಓಡಿ ದಣಿದ ಇಂಥ ಕುದುರೆಗಳೇ ಇಲ್ಲಿನ ಎಷ್ಟೋ ಶಾಲೆಗಳ ಬಂಡವಾಳ. ರೇಸಿನಲ್ಲಿ ಲಗಾಮು ಬಿಗಿಯಾದರೆ ಅದರ ಮೇಲೆ ಭಾರ ಹಾಕಿ ಓಡುವುದನ್ನೇ ಕಲಿತಿರುತ್ತವೆ. ಹುಡುಗಿ ಕೈ ಚಾಚಿದಳು. ಕುದುರೆ ಒಂದು ಹೆಜ್ಜೆ ಅವಸರಿಸಿತು. ಅವಳು ಎಳೆಯಲಿಲ್ಲ. ಉಸಿರು ಬಿಟ್ಟು ಜೀನಿನಲ್ಲಿ ಇನ್ನೂ ಕೆಳಗೆ ಕೂತಳು. ಕುದುರೆಯ ಒಂದು ಕಿವಿ ಹಿಂದಕ್ಕೆ ತಿರುಗಿತು, ಕೇಳಿಸಿಕೊಂಡ ಹಾಗೆ. ಮುಂದಿನ ಹೆಜ್ಜೆ ನಿಧಾನವಾಯಿತು. "ಆರೂವರೆ" ಅಂದರು ತೀರ್ಪುಗಾರ್ತಿ. ಅವಸರಿಸಿದ್ದಕ್ಕೆ ಅಂಕ ಕಡಿಮೆ, ಸರಿಯೇ. ನನ್ನ ಕಣ್ಣಿಗೆ ಆ ದಿನದ ಅತಿ ಒಳ್ಳೆಯ ಸವಾರಿ ಅದು.

ಒಟ್ಟು ಅವಳಿಗೆ ಸಿಕ್ಕಿದ್ದು 58. ಗೆದ್ದದ್ದು ಒಬ್ಬ ಹುಡುಗ, 66. ಅವನ ಕುದುರೆ ಯುರೋಪಿನಿಂದ ಬಂದದ್ದು, ಎಲ್ಲ ತಿಳಿದದ್ದು. ಅವನು ಎಡವಟ್ಟು ಮಾಡಿದಲ್ಲೆಲ್ಲ ಅದೇ ಸರಿಪಡಿಸಿಕೊಂಡು ಹೋಯಿತು.

ಆ ಸಿಟ್ಟಿನಲ್ಲಿ ಕೆಲವು ತಿಂಗಳು ನಾನು ಎಲ್ಲರ ಹತ್ತಿರ ಒಂದೇ ರಾಗ ಹಾಡಿದೆ: ಕುದುರೆ ಅದಲು ಬದಲು ಮಾಡಿಸಿ! ಹೊಸ ಮಾತೇನಲ್ಲ. ಬೇಲಿ ಹಾರುವ ವಿಶ್ವ ಚಾಂಪಿಯನ್‌ಷಿಪ್‌ನ ಕೊನೆಯ ನಾಲ್ವರು 2014ರ ತನಕ ಒಬ್ಬರ ಕುದುರೆ ಇನ್ನೊಬ್ಬರು ಏರಿ ತೀರ್ಮಾನ ಮಾಡಿಕೊಳ್ಳುತ್ತಿದ್ದರು. ಆದರೆ ಕುದುರೆ ಸವಾರಿಯೂ ಸೇರಿ ಐದು ಆಟಗಳಿದ್ದ ಮಾಡರ್ನ್ ಪೆಂಟಾಥ್ಲಾನ್ ನೆನಪಾದಾಗ ನನ್ನ ರಾಗ ಇಳಿಯಿತು. ಅಲ್ಲಿ ಚೀಟಿ ಎತ್ತಿ ಸಿಕ್ಕಿದ ಕುದುರೆ, ಪರಿಚಯಕ್ಕೆ ಇಪ್ಪತ್ತು ನಿಮಿಷ ಇರುತ್ತಿತ್ತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮುಂದಿದ್ದ ಜರ್ಮನಿಯ ಆಟಗಾರ್ತಿಗೆ ಸಿಕ್ಕ ಸೇಂಟ್ ಬಾಯ್ ಎಂಬ ಕುದುರೆ ಹೆಜ್ಜೆ ಇಡಲೇ ಒಪ್ಪಲಿಲ್ಲ. ಆಕೆ ಕಣ್ಣೀರು ಹಾಕುತ್ತ ಚಾಟಿ ಬೀಸಿದ್ದು, ಕೋಚ್ ಮುಷ್ಟಿಯಿಂದ ಗುದ್ದಿದ್ದು ಜಗತ್ತೆಲ್ಲ ನೋಡಿತು. ಪ್ಯಾರಿಸ್ ನಂತರ ಆ ಆಟದಿಂದ ಕುದುರೆಯನ್ನೇ ತೆಗೆದುಹಾಕಿದ್ದಾರೆ.

ಇನ್ನೊಂದು ಕಡೆ ಡೆನ್ಮಾರ್ಕಿನ ಲಿಸ್ ಹಾರ್ಟೆಲ್. 1944ರಲ್ಲಿ ಪೋಲಿಯೊ ಬಂದು ಮೊಣಕಾಲಿನ ಕೆಳಗೆ ಸ್ವಾಧೀನವಿರಲಿಲ್ಲ. ಕುದುರೆ ಏರಿಸಲು, ಇಳಿಸಲು ಇನ್ನೊಬ್ಬರು ಬೇಕು. ಡ್ರೆಸಾಜ್‌ನಲ್ಲಿ ಕಾಲೇ ಅರ್ಧ ಮಾತು. ಆದರೂ 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಜ್ಯೂಬಿಲಿ ಎಂಬ ಕುದುರೆಯ ಮೇಲೆ ಗಂಡಸರ ಎದುರೇ ಬೆಳ್ಳಿ ಗೆದ್ದರು. ಅದಕ್ಕೆ ಹಿಂದಿನ ಒಲಿಂಪಿಕ್ಸ್ ತನಕ ಇದು ಸೇನಾಧಿಕಾರಿಗಳಿಗೆ ಮಾತ್ರ ಮೀಸಲಿದ್ದ ಆಟ. ಆಕೆಯನ್ನು ಪರರ ಕುದುರೆ ಮೇಲೆ ಕೂರಿಸಿ "ಈಗ ತೋರಿಸಿ ಜಾಣತನ" ಅಂದಿದ್ದರೆ? ಜಾಣತನ ಇದ್ದದ್ದೇ ಆ ಕುದುರೆಯ ಜೊತೆಗೆ ಕಳೆದ ವರ್ಷಗಳಲ್ಲಿ. ಸವಾರನ ಕಲೆ ಬೇರೆ, ಜೋಡಿಯ ಹೊಂದಾಣಿಕೆ ಬೇರೆ ಅಂತ ಎರಡು ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ. ನಾನು ನನ್ನ ಮಾತು ಹಿಂದಕ್ಕೆ ತೆಗೆದುಕೊಂಡೆ.

ಹೊಂದಾಣಿಕೆ ಅಂದಾಗ ನಮ್ಮ ಬೀದಿಯ ಜಟಕಾ ಸಾಹೇಬರು ನೆನಪಾಗುತ್ತಾರೆ. ಕೃಷ್ಣಮೂರ್ತಿಪುರಂನಿಂದ ಎಂಟು ಮಕ್ಕಳನ್ನು ತುಂಬಿಕೊಂಡು ಶಾಲೆಗೆ ಬಿಡುತ್ತಿದ್ದರು. ಚಾಟಿಯ ಕೋಲನ್ನು ಚಕ್ರದ ಕಡ್ಡಿಗೆ ತಾಗಿಸಿ ಕಟಕಟ ಸದ್ದು ಮಾಡುತ್ತಿದ್ದರೇ ಹೊರತು ಕುದುರೆಗೆ ಹೊಡೆದದ್ದು ನಾನು ಕಂಡಿಲ್ಲ. ದಾರಿಯುದ್ದಕ್ಕೂ ಅದರ ಜೊತೆ ಮಾತು. ಬೆಲೆ ಏರಿದ್ದು, ಮಗಳ ಮದುವೆ, ಎಲ್ಲ. ಮಧ್ಯಾಹ್ನ ಅವರು ತೂಕಡಿಸಿದರೂ ಕುದುರೆ ಒಂದೊಂದು ಗೇಟಿನ ಮುಂದೆಯೂ ತಾನೇ ನಿಲ್ಲುತ್ತಿತ್ತು. ಡ್ರೆಸಾಜ್‌ನಲ್ಲಿ ಆ ಮಾತುಕತೆಗೆ ಜಾಗವಿಲ್ಲ, ಬಾಯಲ್ಲಿ ಚಕ್ ಚಕ್ ಅಂದರೂ ಅಂಕ ಕಡಿತ. ಬಹಳ ಕಾಲ ನಾನು ಇದನ್ನು ಹೇಳಿ ನಗುತ್ತಿದ್ದೆ, ನಮ್ಮ ಸಾಹೇಬರೇ ಮೇಲು ಅಂತ. ಆದರೆ ಮುಖ ನೋಡುವುದು ಕಲಿತ ಮೇಲೆ ಆ ಕುದುರೆಯನ್ನೂ ನೆನಪಿನಲ್ಲಿ ಮತ್ತೆ ನೋಡಿದೆ. ಹೆಗಲಿನಲ್ಲಿ ಸದಾ ಒಂದು ಹುಣ್ಣಿತ್ತು. ನಾವು ಮಕ್ಕಳು ಅದರ ಮೇಲಿನ ನೊಣ ಎಣಿಸುತ್ತಿದ್ದೆವು. ಪ್ರೀತಿ ಇತ್ತು, ಹುಣ್ಣೂ ಇತ್ತು. ಎಷ್ಟು ಅಂಕ ಹಾಕುತ್ತೀರಿ?

ಮೇಲಿನ ಮಟ್ಟದಲ್ಲೂ ಇದೇ ಗಂಟು. 2014ರಲ್ಲಿ ಲಂಡನ್ನಿನಲ್ಲಿ ಶಾರ್ಲಟ್ ದುಜಾರ್ಡಿನ್ ವಲೇಗ್ರೊ ಎಂಬ ಕುದುರೆಯ ಮೇಲೆ, ಸಂಗೀತದ ಜೊತೆಗಿನ ಸುತ್ತಿನಲ್ಲಿ ಶೇ. 94.3 ಪಡೆದರು, ವಿಶ್ವದಾಖಲೆ. ನೋಡಿದರೆ ಇಬ್ಬರೂ ಒಂದೇ ಉಸಿರು ಆಡುತ್ತಿದ್ದಾರೆ ಅನ್ನಿಸುತ್ತದೆ. ಹತ್ತು ವರ್ಷದ ಮೇಲೆ, ಪ್ಯಾರಿಸ್ ಒಲಿಂಪಿಕ್ಸ್‌ಗೆ ಸ್ವಲ್ಪ ಮುಂಚೆ, ಅದೇ ಸವಾರಿಣಿ ತರಬೇತಿ ಕೊಡುವಾಗ ಬೇರೊಂದು ಕುದುರೆಯ ಕಾಲಿಗೆ ಚಾಟಿಯಿಂದ ಪದೇ ಪದೇ ಹೊಡೆಯುವ ವಿಡಿಯೊ ಹೊರಬಂತು. ಆಕೆ ತಪ್ಪೊಪ್ಪಿಕೊಂಡು ಹಿಂದೆ ಸರಿದರು, ಒಂದು ವರ್ಷದ ನಿಷೇಧವೂ ಆಯಿತು. ತೀರ್ಪುಗಾರರ ಕಣ್ಣು ಅಂಗಳದ ಬೇಲಿ ದಾಟುವುದಿಲ್ಲ. ಎದುರು ಕೂತವರಿಗೆ ಕುದುರೆ ನೆಟ್ಟಗಿದೆಯೋ ಓರೆಯೋ ಕಾಣುತ್ತದೆ, ಪಕ್ಕದವರಿಗೆ ಹಿಂಗಾಲು ಹಿಂದೆ ಉಳಿದದ್ದು ಕಾಣುತ್ತದೆ. ಅದಕ್ಕೇ ದೊಡ್ಡ ಕೂಟಗಳಲ್ಲಿ ಐದು ಕಡೆ ಐವರು, ಒಲಿಂಪಿಕ್ಸ್‌ನಲ್ಲಿ ಏಳು ಜನ. ಲಾಯದ ಕಡೆ ಮುಖ ಮಾಡಿ ಕೂತು ಅಂಕ ಹಾಕುವವರು ಯಾರೂ ಇಲ್ಲ.

ಈ ಸಲ ಕೂಟ ನಡೆಸುವವರಿಗೆ ಒಂದು ಸಲಹೆ ಕೊಟ್ಟೆ. ಮಕ್ಕಳ ವಿಭಾಗದಲ್ಲಾದರೂ ಒಬ್ಬರು ಹೊರಗೆ, ಬೆವರು ಬಿಡಿಸುವ ಅಂಗಳದಲ್ಲಿ ಕೂರಲಿ. ಒಳಗೆ ಹೋಗುವ ಮುಂಚೆ ಹತ್ತು ನಿಮಿಷ, ಹೊರಗೆ ಬಂದ ಮೇಲೆ ಹತ್ತು ನಿಮಿಷ ನೋಡಲಿ. ಸೋತು ಬಂದ ಮಗು ಮೊದಲು ಜೀನಿನ ಪಟ್ಟಿ ಸಡಿಲಿಸುತ್ತದೋ, ಫೋನ್ ಹುಡುಕುತ್ತದೋ, ಅದಕ್ಕೂ ಹತ್ತು ಅಂಕ ಇರಲಿ. ದೊಡ್ಡ ಕೂಟಗಳಲ್ಲಿ ಅಲ್ಲಿ ಸ್ಟೂವರ್ಡ್ ಇರುತ್ತಾರಲ್ಲ ಅಂದರು. ಇರುತ್ತಾರೆ, ಆದರೆ ತಪ್ಪು ಹಿಡಿಯಲು, ಅಂಕ ಹಾಕಲಲ್ಲ ಅಂದೆ. ಇನ್ನೊಬ್ಬ ತೀರ್ಪುಗಾರರಿಗೆ ಕೊಡಲು ದುಡ್ಡಿಲ್ಲ ಅಂದರು. ನಾನು ಪುಕ್ಕಟೆ ಕೂರುತ್ತೇನೆ ಅಂದೆ. "ನೀವು ಗುಮಾಸ್ತರು, ತೀರ್ಪುಗಾರರಲ್ಲ" ಅಂದರು, ಪುಣೆಯವರ ಧಾಟಿಯಲ್ಲೇ.

ಕೆಂಪು ಕುದುರೆಯ ಹುಡುಗಿಯ ಹೆಸರು ಈ ಸಲವೂ ಪಟ್ಟಿಯಲ್ಲಿದೆ. ಮಳೆ ನಿಂತ ಮೇಲೆ ಕೂಟ. ಕಾರ್ಕಳದ ಗೆಳೆಯರು ತಾವೂ ಬರುತ್ತಾರಂತೆ. ನಾನು ಗುಮಾಸ್ತಿಕೆ ಮಾಡುವಾಗ ಅವರು ಬೇಲಿಯ ಹೊರಗೆ ನಿಂತು ಬಾಲ ನೋಡುತ್ತಾರಂತೆ. "ಕೋಣದ್ದೂ ಅದೇ ಮಾರಾಯ್ರೆ, ಗದ್ದೆಗಿಳಿಯುವ ಮುಂಚೆ ಬಾಲ ನೋಡಿದರೆ ಸಾಕು" ಅಂದರು. ಇದನ್ನು ಮೊದಲ ದಿನವೇ ಯಾಕೆ ಹೇಳಲಿಲ್ಲ ಅಂದೆ. "ನೀವು ಕೇಳಿದ್ದು ಟೈಮಿನ ವಿಷಯ ಅಲ್ವಾ?" ಅಂದರು. ಟೈಮಿನ ವಿಷಯ ತೆಗೆದದ್ದು ಅವರೇ.