ಸರ್ಪಸುತ್ತು: ಕೆಮ್ಮಣ್ಣಿನಡಿ ಕಳೆದುಹೋಗುವ 72 ಗಂಟೆ

ಬೆನ್ನಿನಿಂದ ಪಕ್ಕೆಗೆ ಒಂದೇ ಬದಿಯಲ್ಲಿ ಉರಿ, ಎರಡು-ಮೂರು ದಿನದಲ್ಲಿ ಅದೇ ಜಾಗದಲ್ಲಿ ನೀರುಗುಳ್ಳೆಗಳ ಗೊಂಚಲು. ನೋಡಿದವರು ತಕ್ಷಣ ಹೇಳುವುದು, "ಸರ್ಪಸುತ್ತು ಕಣ್ರೀ, ಇದಕ್ಕೆ ಇಂಗ್ಲಿಷ್ ಔಷಧಿ ಆಗಲ್ಲ, ಕೆಮ್ಮಣ್ಣು ಹಚ್ಚಿಸಿ." ನನ್ನ ತಕರಾರು ಈ ಮಾತಿನ ಮೇಲೆಯೇ. ಇದಕ್ಕೆ ಮಾತ್ರೆ ಇದೆ. ಆದರೆ ಗುಳ್ಳೆ ಕಾಣಿಸಿಕೊಂಡ 72 ಗಂಟೆಯೊಳಗೆ ಶುರುಮಾಡಿದರೇನೇ ಅದರ ಪೂರ್ತಿ ಲಾಭ. ಆ ಮೂರು ದಿನವನ್ನೇ ನಾವು ನಾಟಿ ಮದ್ದಿಗೆ ಕೊಟ್ಟುಬಿಡುತ್ತೇವೆ.

ಚಿಕ್ಕಂದಿನಲ್ಲಿ 'ಅಮ್ಮ' ಎದ್ದು ಹೋಗಿರುತ್ತದಲ್ಲ, ಆ ಚಿಕನ್‌ಪಾಕ್ಸ್ ವೈರಸ್ಸೇ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಟ್ಟಲೆ ಅಡಗಿದ್ದು, ವಯಸ್ಸಾಗಿಯೋ ಕಾಯಿಲೆಯಿಂದಲೋ ರೋಗನಿರೋಧಕ ಶಕ್ತಿ ಕುಗ್ಗಿದಾಗ ಒಂದು ನರ ಹಿಡಿದು ಚರ್ಮಕ್ಕೆ ಬರುತ್ತದೆ. ಆ ನರ ಮೈಯ ಒಂದು ಬದಿಗೆ ಮಾತ್ರ ಸೇರಿದ್ದು. ಹಾಗಾಗಿ ಗುಳ್ಳೆ ಸಾಮಾನ್ಯವಾಗಿ ನಡುಗೆರೆಗೆ ಬಂದು ನಿಲ್ಲುತ್ತದೆ. "ತಲೆ-ಬಾಲ ಕೂಡಿದರೆ ಜೀವ ಹೋಗುತ್ತೆ" ಎಂಬ ಭಯಕ್ಕೆ ಆಧಾರವೇ ಇಲ್ಲ. ಮಂತ್ರ ಹಾಕಿ ಅದನ್ನು ಕೂಡದಂತೆ ತಡೆದೆ ಎನ್ನುವವರು, ತಾನಾಗಿಯೇ ನಿಲ್ಲುವುದನ್ನು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಗುಳ್ಳೆಗಳೂ ಅಷ್ಟೇ: ಏನೂ ಮಾಡದಿದ್ದರೂ ಏಳರಿಂದ ಹತ್ತು ದಿನಕ್ಕೆ ಹಕ್ಕಳೆ ಕಟ್ಟಿ, ಎರಡರಿಂದ ನಾಲ್ಕು ವಾರಕ್ಕೆ ಒಣಗುತ್ತವೆ. ಆ ಹೊತ್ತಿಗೆ ಏನು ಹಚ್ಚಿದ್ದರೋ ಅದಕ್ಕೇ ಹೆಸರು.

ಕೆಮ್ಮಣ್ಣು ಹಚ್ಚಿದ ಕೂಡಲೇ ತಂಪೆನಿಸುವುದು ನಿಜ, ಒದ್ದೆ ಬಟ್ಟೆ ಹಾಕಿದರೂ ಹಾಗೇ ಅನಿಸುತ್ತದೆ. ತೊಂದರೆ ಒಣಗಿದ ಮೇಲೆ. ಮಣ್ಣು ಬಿಗಿದು ಬಿರುಕು ಬಿಡುತ್ತದೆ, ಮೇಲೆ ಮತ್ತೊಂದು ಪದರ ಬೀಳುತ್ತದೆ, ಕಿತ್ತರೆ ಗುಳ್ಳೆಯ ಚರ್ಮವೂ ಜೊತೆಗೇ ಬರುತ್ತದೆ. ಹಸಿ ಗಾಯಕ್ಕೆ ಮಣ್ಣಿನ ಸೋಂಕು ಸೇರಿ ಕೀವಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಸಣ್ಣ ವಿಷಯವಲ್ಲ. ಬೆಳ್ಳುಳ್ಳಿ ಅರೆದು ಕಟ್ಟಿದರೆ ಚರ್ಮ ಸುಡುತ್ತದೆ. ಎಕ್ಕದ ಹಾಲು ಇನ್ನೂ ಕೆಟ್ಟದ್ದು, ಕಣ್ಣಿಗೆ ತಾಗಿದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಕ್ಕೇ ಪೆಟ್ಟು. ಉಪ್ಪು-ಎಣ್ಣೆ ಬಿಡಿಸಿ, ಸ್ನಾನ ನಿಲ್ಲಿಸಿ ಪಥ್ಯ ಮಾಡಿಸುವುದರಿಂದ ಮೊದಲೇ ನಿತ್ರಾಣವಾದ ಹಿರಿಯರು ಇನ್ನಷ್ಟು ಸೊರಗುತ್ತಾರೆ. ನಾಗದೋಷವೆಂದು ಪೂಜೆ ಮಾಡಿಸುವವರು ಮಾಡಿಸಲಿ, ಅದು ಮುಂದಿನ ತಿಂಗಳೂ ಆಗುತ್ತದೆ. ಮಾತ್ರೆ ಇವತ್ತೇ ಶುರುವಾಗಲಿ.

ವೈದ್ಯರು ಸಾಮಾನ್ಯವಾಗಿ ಬರೆಯುವುದು ಎಸೈಕ್ಲೊವಿರ್ 800 ಮಿ.ಗ್ರಾಂ, ದಿನಕ್ಕೆ ಐದು ಸಲ, ಏಳು ದಿನ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ಒಟ್ಟು 35 ಮಾತ್ರೆ. ಐದು ಸಲ ಯಾಕೆಂದರೆ ಈ ಔಷಧ ಹೊಟ್ಟೆಯಿಂದ ರಕ್ತಕ್ಕೆ ಸೇರುವುದೇ ಕಮ್ಮಿ, ಸೇರಿದ್ದೂ ಮೂರು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಅಷ್ಟು ಸಲ ನೆನಪಿಡಲು ಆಗದವರಿಗೆ ವ್ಯಾಲಸೈಕ್ಲೊವಿರ್ 1 ಗ್ರಾಂ, ದಿನಕ್ಕೆ ಮೂರು ಸಲ. ಎಡವಟ್ಟಾಗುವುದು ಇಲ್ಲೇ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ 200 ಅಥವಾ 400ರ ಸ್ಟ್ರಿಪ್ ತಂದು ಬೆಳಿಗ್ಗೆ-ರಾತ್ರಿ ನುಂಗುತ್ತಾರೆ, ಸರ್ಪಸುತ್ತಿಗೆ ಅದು ಸಾಲದು. ಬರೀ ಎಸೈಕ್ಲೊವಿರ್ ಮುಲಾಮು ಹಚ್ಚುತ್ತಾರೆ, ನರದಲ್ಲಿರುವ ವೈರಸ್ಸಿಗೆ ಅದು ತಲುಪದು. ಗುಳ್ಳೆ ಬಾಡಿತೆಂದು ಮೂರನೇ ದಿನಕ್ಕೇ ಬಿಡುತ್ತಾರೆ. ಕಿಡ್ನಿ ತೊಂದರೆ ಇದ್ದರೆ ಡೋಸ್ ಇಳಿಸಲೇಬೇಕು, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆಯೆಂದು ತೋರಿಸುವ ರಕ್ತಪರೀಕ್ಷೆ) ರಿಪೋರ್ಟ್ ಇದ್ದರೆ ಜೊತೆಗೇ ಒಯ್ಯಿರಿ. ಮೂರು ದಿನ ದಾಟಿದ್ದರೂ ಹೊಸ ಗುಳ್ಳೆ ಏಳುತ್ತಿದ್ದರೆ ತೋರಿಸಿ.

ಹಣೆ, ಕಣ್ಣಿನ ಸುತ್ತ, ಅದರಲ್ಲೂ ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಅವತ್ತೇ ಕಣ್ಣಿನ ಡಾಕ್ಟರ್. ಮೂಗಿನ ತುದಿಗೂ ಕಣ್ಣಿಗೂ ಒಂದೇ ನರದ ಕವಲು. ಕಿವಿಯಲ್ಲಿ ಗುಳ್ಳೆ, ಬಾಯಿ ಸೊಟ್ಟಗಾದರೂ ಅದೇ ದಿನ ಆಸ್ಪತ್ರೆ. ಗುಳ್ಳೆ ಮಾಯ್ದು ಮೂರು ತಿಂಗಳಾದರೂ ಸೀರೆಯ ಸೆರಗು ತಾಗಿದರೆ ಕರೆಂಟ್ ಹೊಡೆದಂತಾಗುವ ನೋವು ಕೆಲವರಿಗೆ ಉಳಿಯುತ್ತದೆ. ಅದು ಮಾಮೂಲಿ ನೋವಿನ ಮಾತ್ರೆಗೆ ಬಗ್ಗದು, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್‌ನಂಥ ನರನೋವಿನ ಔಷಧ ಬೇಕಾಗುತ್ತದೆ. ವಯಸ್ಸಾದಷ್ಟೂ ಈ ಅಪಾಯ ಹೆಚ್ಚು.

ಗಾಯಕ್ಕೆ ತಣ್ಣನೆ ಒದ್ದೆ ಬಟ್ಟೆ, ಕ್ಯಾಲಮೈನ್, ಸಡಿಲ ಹತ್ತಿ ಬಟ್ಟೆ ಸಾಕು. ಗುಳ್ಳೆ ಒಣಗುವವರೆಗೆ, ಚಿಕನ್‌ಪಾಕ್ಸ್ ಆಗದ ಬಸುರಿಯರು ಮತ್ತು ಕೂಸುಗಳಿಂದ ದೂರವಿರಿ. ಆ ನೀರು ತಾಗಿದರೆ ಅವರಿಗೆ ಚಿಕನ್‌ಪಾಕ್ಸ್ ಬರಬಹುದು.

ಸರ್ಪಸುತ್ತಿಗೆ ಡಾಕ್ಟರು 'ಹರ್ಪೀಸ್ ಜೋಸ್ಟರ್' ಎನ್ನುತ್ತಾರೆ. ಆದರೆ ತುಟಿ, ಜನನಾಂಗದ ಹರ್ಪೀಸ್ ಬೇರೆ ವೈರಸ್ಸಿನದು, ಡೋಸೂ ಬೇರೆ. ಅದನ್ನು "ಶಾಶ್ವತವಾಗಿ ಗುಣ" ಮಾಡುವ ಕಷಾಯ, ಪುಡಿ ಯಾವುದೂ ಇಲ್ಲ. ನರದಲ್ಲಿ ಅಡಗಿದ ವೈರಸ್ಸನ್ನು ಹೊರಹಾಕುವ ಔಷಧ ಆಸ್ಪತ್ರೆಯಲ್ಲೂ ಇಲ್ಲ. ಮಾತ್ರೆಯಿಂದ ಮರುಕಳಿಕೆ ತಗ್ಗಿಸಬಹುದು, ಅಷ್ಟೇ. ನಾಚಿಕೆಯಿಂದ ಡಾಕ್ಟರ ಬಳಿ ಹೋಗದವರ ಹತ್ತಿರ ಸಾವಿರಗಟ್ಟಲೆ ಕೀಳುವುದು ಕ್ರೌರ್ಯ.

50 ದಾಟಿದವರಿಗೆ ಸರ್ಪಸುತ್ತು ತಡೆಯುವ ಶಿಂಗ್ರಿಕ್ಸ್ ಲಸಿಕೆ 2023ರಿಂದ ಭಾರತದಲ್ಲೂ ಸಿಗುತ್ತಿದೆ. ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, ದುಬಾರಿ. ಒಮ್ಮೆ ಸರ್ಪಸುತ್ತು ಆದವರೂ ತೆಗೆದುಕೊಳ್ಳಬಹುದು, ಆದರೆ ಗುಳ್ಳೆ ಪೂರ್ತಿ ವಾಸಿಯಾದ ಮೇಲೆ.