ಜೂನ್ 1ಕ್ಕೆ ಹುಟ್ಟಿದವರು

ನಮ್ಮೂರಲ್ಲಿ ಅರ್ಧ ಜನ ಹುಟ್ಟಿದ್ದು ಜೂನ್ 1ಕ್ಕೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ಆಮೇಲೆ ಅದೇ ಮಾರ್ಕ್ಸ್ ಕಾರ್ಡಿಗೆ, ಆಧಾರ್‌ಗೆ, ಪಿಂಚಣಿ ಕಾಗದಕ್ಕೆ ಹತ್ತಿತು. ನಮ್ಮಪ್ಪ ಹುಟ್ಟಿದ್ದು ಯಾವಾಗ ಅಂತ ಅಜ್ಜಿಯನ್ನು ಕೇಳಿದರೆ, "ಕೆಂದಹಸು ಕರು ಹಾಕಿದ ವಾರ, ಭತ್ತ ಬಡಿಯೋ ಹೊತ್ತು" ಅನ್ನುತ್ತಿದ್ದರು. ಭತ್ತ ಬಡಿಯೋದು ಜೂನಿನಲ್ಲಿ ಅಲ್ಲವಲ್ಲ!

ಆಸ್ಟ್ರೇಲಿಯಾದ ಪಳೆಯುಳಿಕೆಗಳ ಬಗ್ಗೆ ಓದುವಾಗ ಇದೇ ನೆನಪಾಯಿತು. ಅಲ್ಲಿ ಥೈಲಸೀನ್ ಅಂತ ಒಂದು ಬೇಟೆ ಪ್ರಾಣಿ ಇತ್ತು. ನೋಡಲು ನಾಯಿ, ಬೆನ್ನ ಮೇಲೆ ಹುಲಿಪಟ್ಟೆ, ಮರಿಗೆ ಕಾಂಗರೂ ಥರ ಹೊಟ್ಟೆಚೀಲ. ಜೊತೆಗೆ ಟ್ಯಾಸ್ಮೇನಿಯನ್ ಡೆವಿಲ್, ಅದೂ ಹೊಟ್ಟೆಚೀಲ ಇರೋ, ಮಾಂಸ ತಿನ್ನೋ ಚಿಕ್ಕ ಪ್ರಾಣಿ. ಎರಡೂ ಟ್ಯಾಸ್ಮೇನಿಯಾ ದ್ವೀಪದಲ್ಲಿ ಉಳಿದವು, ಮುಖ್ಯ ಭೂಭಾಗದಲ್ಲಿ ಅಳಿದವು. ಯಾವಾಗ?

1966ರಲ್ಲಿ ಮುಖ್ಯ ಭೂಭಾಗದ ನಲ್ಲಾರ್ಬರ್ ಬಯಲಿನ ಒಂದು ಗುಹೆಯಲ್ಲಿ ಥೈಲಸೀನ್ ಹೆಣ ಸಿಕ್ಕಿತು. ಒಣಗಿದ ಚರ್ಮ, ಕೂದಲು, ನಾಲಿಗೆ, ಕಣ್ಣುಗುಡ್ಡೆ ಕೂಡ ಗುರುತು ಹಿಡಿಯುವಂತಿತ್ತು. ಸತ್ತು ಹೆಚ್ಚು ದಿನ ಆಗಿಲ್ಲ ಅಂದುಕೊಂಡವರೂ ಇದ್ದರು. ಕಾರ್ಬನ್ ಡೇಟಿಂಗ್, ಅಂದರೆ ಉಳಿದಿರೋ ವಿಕಿರಣಶೀಲ ಇಂಗಾಲದಿಂದ ವಯಸ್ಸಿನ ಲೆಕ್ಕ, ಮಾಡಿದರೆ ಸುಮಾರು 4,600 ವರ್ಷ ಹಳೆಯದು! ನಮ್ಮ ಕಣ್ಣಿನ ಅಂದಾಜು ಇಷ್ಟೇ ನೋಡಿ.

ಡೆವಿಲ್‌ದು ಉಲ್ಟಾ ಕಥೆ. ಮುಖ್ಯ ಭೂಭಾಗದಲ್ಲಿ ಅದು ಸುಮಾರು 430 ವರ್ಷದ ಹಿಂದಿನವರೆಗೂ ಇತ್ತು ಅಂತ ಒಂದು ಲೆಕ್ಕ ಬಹಳ ಕಾಲ ಓಡಾಡಿತು. ಈ ಪ್ರಾಣಿಗಳನ್ನು ಅಳಿಸಿದ್ದು ಹೊರಗಿಂದ ಬಂದ ಡಿಂಗೋ ಅನ್ನೋ ಕಾಡುನಾಯಿ ಅಂತ ಹಲವರ ವಾದ. ಆ 430 ನಿಜವಾದರೆ ಡಿಂಗೋ ಬಚಾವ್. ಡಿಂಗೋ ಬಂದು ಮೂರು ಸಾವಿರ ವರ್ಷ ಆದಮೇಲೂ ಡೆವಿಲ್ ಬದುಕಿದ್ದರೆ, ನಾಯಿಯ ಮೇಲೆ ತಪ್ಪು ಹೊರಿಸೋದು ಹೇಗೆ? ಆದರೆ 2018ರಲ್ಲಿ ಅಡಿಲೇಡ್ ವಿಶ್ವವಿದ್ಯಾಲಯದವರು ನಂಬುವಂಥ ತಾರೀಖುಗಳನ್ನು ಮಾತ್ರ ಇಟ್ಟುಕೊಂಡು ಲೆಕ್ಕ ಹಾಕಿದಾಗ ಆ 430 ನಿಲ್ಲಲಿಲ್ಲ. ಥೈಲಸೀನ್, ಡೆವಿಲ್ ಎರಡೂ ಸರಿಸುಮಾರು 3,200 ವರ್ಷದ ಹಿಂದೆ, ಒಟ್ಟಿಗೇ ಮಾಯವಾಗಿದ್ದವು.

ಮೂಳೆಯನ್ನೇ ಅಳೆಯೋದಕ್ಕೂ ಪಕ್ಕದ ಮಣ್ಣಲ್ಲಿ ಸಿಕ್ಕ ಇದ್ದಿಲನ್ನು ಅಳೆಯೋದಕ್ಕೂ ಬಹಳ ವ್ಯತ್ಯಾಸವಿದೆ. ಗುಹೆಯ ಮಣ್ಣು ಸುಮ್ನೆ ಇರಲ್ಲ. ನೀರು ಕೊಚ್ಚುತ್ತೆ, ಪ್ರಾಣಿ ಕೆದಕುತ್ತೆ, ಮೇಲಿನದು ಕೆಳಗೆ ಬೀಳುತ್ತೆ. ಇದ್ದಿಲಿನ ವಯಸ್ಸನ್ನು ಮೂಳೆಗೆ ಅಂಟಿಸಿದರೆ ಅದು ಅಜ್ಜಿಯ ಕೆಂದಹಸು ಲೆಕ್ಕ. ಹಸು ಅದೇ ಆದರೆ ಸರಿ, ಬೇರೆ ಕರುವಾದರೆ ಕೆಟ್ಟಿತು. ಮೂಳೆಯನ್ನೇ ಅಳೆದರೂ ಒಳಗಿನ ಕೊಲಾಜನ್ ಅನ್ನೋ ಪ್ರೋಟೀನ್ ತೆಗೆದು ಚೆನ್ನಾಗಿ ಶುದ್ಧ ಮಾಡಬೇಕು. ಹೊಸ ಇಂಗಾಲ ಚೂರು ಸೇರಿದರೂ ಹಳೆ ಮೂಳೆ ಎಳೆಯದಾಗುತ್ತೆ.

ನನ್ನ ಪ್ರಕಾರ ತಪ್ಪು ತಾರೀಖಿಗಿಂತ ತಾರೀಖು ಇಲ್ಲದಿರೋದೇ ವಾಸಿ. ಇಲ್ಲದಿದ್ದರೆ ಹುಡುಕ್ತಾರೆ, ಇದ್ದರೆ ಸುಮ್ಮನೆ ನಕಲು ಮಾಡ್ತಾರೆ.

ಹಾಗಂತ "ಡಿಂಗೋನೇ ಕೊಂದಿದ್ದು" ಅಂತ ಕಾಮೆಂಟ್ ಹಾಕಬೇಡಿ. ಅದೇ ನಲ್ಲಾರ್ಬರ್ ಬಯಲಿನ ಮದುರಾ ಗುಹೆಯಲ್ಲಿ ಸಿಕ್ಕ ಡಿಂಗೋ ಮೂಳೆಗಳ ವಯಸ್ಸು 3,081ರಿಂದ 3,348 ವರ್ಷ. ಹೊತ್ತು ಹೊಂದುತ್ತೆ, ಡಿಂಗೋ ಟ್ಯಾಸ್ಮೇನಿಯಾಕ್ಕೆ ಹೋಗಲೂ ಇಲ್ಲ. ಆದರೆ ಅದೇ ಕಾಲಕ್ಕೆ ಎಲ್ ನಿನೋ ಬರಗಾಲವೂ ಜಾಸ್ತಿಯಾಗಿತ್ತು, ಜನರೂ ಹೆಚ್ಚಿದ್ದರು. ತಾರೀಖು ಮೂವರನ್ನೂ ಕಟಕಟೆಗೆ ತಂದು ನಿಲ್ಲಿಸಿದೆ, ಅಷ್ಟೇ.

ಇನ್ನೊಂದು ತಕರಾರು. ಸಿಕ್ಕಿದ ಕೊನೆಯ ಮೂಳೆ ಬದುಕಿದ್ದ ಕೊನೆಯ ಪ್ರಾಣಿಯದ್ದೇ ಆಗಿರೋದು ಬಹಳ ಅಪರೂಪ. ಸತ್ತದ್ದೆಲ್ಲ ಪಳೆಯುಳಿಕೆ ಆಗಲ್ಲ, ಆದದ್ದೆಲ್ಲ ಸಿಗಲ್ಲ. ನಮಗೆ ದಿನದ ಸಮೇತ ಗೊತ್ತಿರುವ ಥೈಲಸೀನ್ ಸಾವು ಟ್ಯಾಸ್ಮೇನಿಯಾದ ಹೋಬರ್ಟ್ ಮೃಗಾಲಯದ್ದು: 1936ರ ಸೆಪ್ಟೆಂಬರ್ 7. ಅದಕ್ಕೆ ಬರೀ 59 ದಿನ ಮುಂಚೆ, ಸರ್ಕಾರ ಆ ಪ್ರಾಣಿಗೆ ಕಾನೂನಿನ ರಕ್ಷಣೆ ಕೊಟ್ಟಿತ್ತು. ಅದು ಬೋನಿನಲ್ಲಿದ್ದ ಕೊನೆಯದು. ಕಾಡಿನಲ್ಲಿದ್ದ ಕೊನೆಯದರ ತಾರೀಖನ್ನು ಯಾವ ಮೇಷ್ಟ್ರೂ ಬರೆದುಕೊಂಡಿಲ್ಲ.